ನಾಳೆಯ ಯಂತ್ರ, ನಿನ್ನೆಯ ಗುಜರಿ

ಮೂರು ಸೆಲ್ಲಿನ ಟಾರ್ಚನ್ನು ನಿಮ್ಮಲ್ಲಿ ಎಷ್ಟು ಮಂದಿ ನೋಡಿದ್ದೀರಿ? ಈಗಿನ ಮಕ್ಕಳು ನೋಡಿರಲಿಕ್ಕಿಲ್ಲ. ಮೊಬೈಲಿನ ಬೆನ್ನಿನಲ್ಲೇ ದೀಪ ಬಂದ ಮೇಲೆ ಅದು ಅಟ್ಟ ಸೇರಿದೆ. ನಿಮ್ಮ ಅಜ್ಜನನ್ನು ಕೇಳಿ ನೋಡಿ. ನಡುರಾತ್ರಿ ಕರೆಂಟು ಬಂತೆಂದು ಗದ್ದೆಗೆ ನೀರು ಹಾಯಿಸಲು ಹೊರಟವರ ಕೈಯಲ್ಲಿ ಥಳಥಳ ಹೊಳೆಯುವ ಆ ಉದ್ದನೆಯ ಟಾರ್ಚು ಇರಲೇಬೇಕಿತ್ತು. ದಾರಿಗೆ ಬೆಳಕೂ ಆಯಿತು, ನಾಯಿ ಮೈಮೇಲೆ ಬಂದರೆ ಬೆದರಿಸಲಿಕ್ಕೂ ಆಯಿತು.

ಹೆಚ್ಚುಕಡಿಮೆ ಅಂಥದೇ ಒಂದು ಲೋಹದ ಹಿಡಿ ಮುಂದೆ ಜಗತ್ಪ್ರಸಿದ್ಧವಾದ ಕಾಲ್ಪನಿಕ ಆಯುಧವಾಯಿತು ಎಂದರೆ ನಂಬುತ್ತೀರಾ? 1977ರಲ್ಲಿ ತೆರೆಕಂಡ 'ಸ್ಟಾರ್ ವಾರ್ಸ್' ಚಿತ್ರದ 'ಲೈಟ್‌ಸೇಬರ್' ಅದು. ಗುಂಡಿ ಒತ್ತಿದರೆ ಹಿಡಿಯಿಂದ ಬೆಳಕಿನ ಅಲಗು ಹೊರಬರುವ ಖಡ್ಗ. ಆ ಖಡ್ಗದ ಕಥೆಯಲ್ಲಿ ಒಂದಿಷ್ಟು ವಿಜ್ಞಾನವಿದೆ, ನನ್ನದೇ ಒಂದು ತಪ್ಪೂ ಇದೆ. ಎರಡನ್ನೂ ಈ ವಾರ ಹೇಳಿಬಿಡುತ್ತೇನೆ.

ಚಿತ್ರದ ಕೆಲಸ ಲಂಡನ್ ಸಮೀಪದ ಎಲ್ಸ್‌ಟ್ರೀ ಸ್ಟುಡಿಯೋದಲ್ಲಿ 1976ರಲ್ಲಿ ನಡೆಯಿತು. ಕೈಯಲ್ಲಿದ್ದ ಹಣ ಕಡಿಮೆ, ಬೇಕಾಗಿದ್ದ ವಿಚಿತ್ರ ಸಾಮಾನುಗಳು ಬಹಳ. ನಾಟಕದವರು 'ಪ್ರಾಪರ್ಟಿ' ಎನ್ನುತ್ತಾರಲ್ಲ, ಅಂಥ ಪರಿಕರಗಳ ಹೊಣೆ ಹೊತ್ತಿದ್ದವರು ರೋಜರ್ ಕ್ರಿಶ್ಚಿಯನ್. ನಾಳೆಯ ಲೋಕದ ಯಂತ್ರಗಳನ್ನು ಹೊಸದಾಗಿ ತಯಾರಿಸುವ ಬದಲು ಅವರು ಹಳೆಯ ಸಾಮಾನುಗಳನ್ನು ಹುಡುಕುತ್ತ ಹೊರಟರು. ಲಂಡನ್ನಿನ ಗ್ರೇಟ್ ಮಾರ್ಲ್‌ಬರೊ ಬೀದಿಯ ಕ್ಯಾಮೆರಾ ಅಂಗಡಿಯೊಂದರಲ್ಲಿ ಅವರ ಕಣ್ಣಿಗೆ ಬಿದ್ದದ್ದು ಗ್ರಾಫ್ಲೆಕ್ಸ್ ಕಂಪನಿಯ ಹಳೆಯ ಫ್ಲ್ಯಾಶ್ ಹಿಡಿಗಳು.

ಫ್ಲ್ಯಾಶ್ ಹಿಡಿ ಎಂದರೇನು? 1940-50ರ ದಶಕಗಳಲ್ಲಿ ಪತ್ರಿಕಾ ಛಾಯಾಗ್ರಾಹಕರು ದೊಡ್ಡ ಕ್ಯಾಮೆರಾದ ಪಕ್ಕಕ್ಕೆ ಒಂದು ಲೋಹದ ಕೊಳವೆಯನ್ನು ಸಿಕ್ಕಿಸಿಕೊಳ್ಳುತ್ತಿದ್ದರು. ಅದರೊಳಗೆ ಮೂರು ದೊಡ್ಡ ಸೆಲ್ಲುಗಳು, ತುದಿಯಲ್ಲಿ ತಟ್ಟೆಯಂಥ ಪ್ರತಿಫಲಕ, ನಡುವೆ ಒಂದು ಬಲ್ಬು. ಆ ಬಲ್ಬಿನೊಳಗೆ ಆಮ್ಲಜನಕ ಮತ್ತು ಕೂದಲೆಳೆಯಂಥ ಲೋಹದ ತಂತಿಯ ಸಿಕ್ಕು. ಸೆಲ್ಲಿನ ವಿದ್ಯುತ್ತು ಕಿಡಿ ಹೊತ್ತಿಸಿದ ಕೂಡಲೇ ಲೋಹ ಭಗ್ಗನೆ ಉರಿದು ಕಣ್ಣು ಕೋರೈಸುವ ಬೆಳಕು. ಹತ್ತನೆಯ ತರಗತಿಯಲ್ಲಿ ಮೆಗ್ನೀಸಿಯಂ ಪಟ್ಟಿ ಉರಿಸುವ ಪ್ರಯೋಗ ಮಾಡುತ್ತೀರಲ್ಲ, ಅದೇ ಬಗೆಯ ಕ್ರಿಯೆ. ಒಂದು ಚಿತ್ರಕ್ಕೆ ಒಂದು ಬಲ್ಬು, ಉರಿದ ಮೇಲೆ ಎಸೆಯುವುದು. ಎಲೆಕ್ಟ್ರಾನಿಕ್ ಫ್ಲ್ಯಾಶ್ ಬಂದ ಮೇಲೆ ಈ ಹಿಡಿಗಳನ್ನು ಕೇಳುವವರಿಲ್ಲದೆ ಹೋಯಿತು.

ಕ್ರಿಶ್ಚಿಯನ್ ಪ್ರತಿಫಲಕವನ್ನು ಕಳಚಿದರು. ಹಿಡಿತಕ್ಕೆಂದು ಕೊಳವೆಯ ಹಿಂಭಾಗಕ್ಕೆ ಕಪ್ಪು ಪಟ್ಟಿಗಳನ್ನು ಅಂಟಿಸಿದರು. ನಡುವಿನ ಪಟ್ಟಿಯಲ್ಲಿ ಸಾಲಾಗಿ ಗುಳ್ಳೆಗಳಿರುವ ಒಂದು ಪಾರದರ್ಶಕ ತುಂಡನ್ನು ಸಿಕ್ಕಿಸಿದರು. ಸೊಂಟಕ್ಕೆ ತೂಗುಹಾಕಲು ಒಂದು ಉಂಗುರ. ಅಷ್ಟೇ, ಖಡ್ಗದ ಹಿಡಿ ಸಿದ್ಧ!

ಆ ಗುಳ್ಳೆಗಳ ತುಂಡು ಬಂದದ್ದು ಎಕ್ಸಾಕ್ಟ್ರಾ ಎಂಬ ಕ್ಯಾಲ್ಕ್ಯುಲೇಟರಿನಿಂದ. ಎಪ್ಪತ್ತರ ದಶಕದ ಕ್ಯಾಲ್ಕ್ಯುಲೇಟರುಗಳಲ್ಲಿ ಅಂಕಿಗಳು ಕೆಂಪು ಎಲ್‌ಇಡಿಯಲ್ಲಿ ಬೆಳಗುತ್ತಿದ್ದವು. ಎಲ್‌ಇಡಿಗೆ ಆಗ ಬೆಲೆ ಜಾಸ್ತಿ, ಅದು ತಿನ್ನುವ ವಿದ್ಯುತ್ತೂ ಜಾಸ್ತಿ. ಅದಕ್ಕೆ ಅಂಕಿಗಳನ್ನು ಚಿಕ್ಕದಾಗಿ ಮಾಡಿ, ಪ್ರತಿಯೊಂದರ ಮೇಲೂ ಒಂದು ಪುಟ್ಟ ಪೀನ ಮಸೂರವನ್ನು ಕೂರಿಸುತ್ತಿದ್ದರು. ಸಣ್ಣ ಅಂಕಿ ದೊಡ್ಡದಾಗಿ ಕಾಣುತ್ತಿತ್ತು. ಸಿನಿಮಾದಲ್ಲಿ ಖಡ್ಗದ ನಿಗೂಢ ಗುಂಡಿಗಳಂತೆ ಕಂಡದ್ದು ಭೌತಶಾಸ್ತ್ರದ ಪಾಠದ ಪೀನ ಮಸೂರಗಳ ಸಾಲು.

ಬೆಳಕಿನ ಅಲಗಿಗೆ ಮೊದಲು ಅವರು ಹೂಡಿದ ಉಪಾಯವೂ ಚೆನ್ನಾಗಿದೆ. ಕೋಲಿಗೆ ಬೆಳಕನ್ನು ಬಂದ ದಿಕ್ಕಿಗೇ ತಿರುಗಿಸಿ ಕಳಿಸುವ ಪದರವನ್ನು ಸುತ್ತಿ, ಪುಟ್ಟ ಮೋಟರಿನಿಂದ ಅದನ್ನು ಗಿರಗಿರ ತಿರುಗಿಸಿದರು. ರಾತ್ರಿ ಬಸ್ಸಿನ ದೀಪ ಬಿದ್ದೊಡನೆ ರಸ್ತೆ ಬದಿಯ ಫಲಕ ಫಳ್ಳನೆ ಹೊಳೆಯುತ್ತದಲ್ಲ, ಅದೇ ತತ್ತ್ವ. ಆದರೂ ಹೊಳಪು ಸಾಲದೆ, ಕೊನೆಗೆ ಒಂದೊಂದು ಚೌಕಟ್ಟಿನ ಮೇಲೂ ಅಲಗನ್ನು ಕೈಯಿಂದ ಚಿತ್ರಿಸಿ ಬೆಳಗಿಸಬೇಕಾಯಿತು.

ಅದೇ ಚಿತ್ರದಲ್ಲಿ ವೃದ್ಧ ಯೋಧ ಓಬಿ-ವಾನ್ ಹಿಡಿದ ಖಡ್ಗ ಇನ್ನೂ ಸ್ವಾರಸ್ಯದ್ದು. ಅದರಲ್ಲಿ ಮೊದಲನೆಯ ಮಹಾಯುದ್ಧದ ಕಾಲದ ರೈಫಲ್ ಗ್ರೆನೇಡಿನ ಭಾಗವಿದೆ, ರೋಲ್ಸ್‌ರಾಯ್ಸ್ ಜೆಟ್ ಎಂಜಿನ್ನಿನ ಒಂದು ಕೊಳವೆಯಿದೆ, ಬಚ್ಚಲುಮನೆಯ ನಲ್ಲಿಯ ತಿರುಪೂ ಇದೆ. ಇವನ್ನೆಲ್ಲ ಪಟ್ಟಿಮಾಡಿ ಸ್ಟುಡಿಯೋದವರು ಎಲ್ಲೂ ಪ್ರಕಟಿಸಿರಲಿಲ್ಲ. ಪತ್ತೆಹಚ್ಚಿದವರು ಅಭಿಮಾನಿಗಳು. ಚಿತ್ರದ ಪರಿಕರಗಳನ್ನು ಕೈಯಿಂದಲೇ ತದ್ರೂಪ ಮಾಡುವ ಹವ್ಯಾಸಿಗಳು ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಗಳಲ್ಲಿ ಬಹಳ ಮಂದಿ ಇದ್ದಾರೆ. ಮಸುಕು ಛಾಯಾಚಿತ್ರಗಳನ್ನು ವರ್ಷಗಟ್ಟಲೆ ದಿಟ್ಟಿಸಿ, ಗುಜರಿ ಅಂಗಡಿಗಳನ್ನು ಸುತ್ತಿ, "ಇದು ವಿಮಾನದ ಎಂಜಿನ್ನಿನ ಭಾಗ", "ಇದು ನಲ್ಲಿಯದು" ಎಂದು ಒಂದೊಂದನ್ನೇ ಗುರುತಿಸಿದರು. ಒಂದು ಕಾಲಕ್ಕೆ ಕೇಳುವವರಿಲ್ಲದ ಗ್ರಾಫ್ಲೆಕ್ಸ್ ಹಿಡಿಗೆ ಈಗ ನೂರಾರು ಡಾಲರ್ ಬೆಲೆ ಬಂದದ್ದು ಇವರಿಂದಲೇ.

ಕೇಳಿದವರು ನಗಬಹುದು. ದೊಡ್ಡವರಿಗೆ ಇದೆಂಥ ಮಕ್ಕಳಾಟ? ನಾನೂ ಹಾಗೇ ನಕ್ಕವನು. ಇಲ್ಲಿಂದ ನನ್ನ ತಪ್ಪಿನ ಕಥೆ.

2017ರಲ್ಲಿ ನಮ್ಮ ಶಾಲೆಯ ವಿಜ್ಞಾನ ವಸ್ತುಪ್ರದರ್ಶನಕ್ಕೆ ನಾನೇ ತೀರ್ಪುಗಾರ. ಒಂಬತ್ತನೆಯ ತರಗತಿಯ ಹುಡುಗನೊಬ್ಬ ಮೇಜಿನ ಮೇಲೆ ಹಳೆಯ ಮೂರು ಸೆಲ್ಲಿನ ಟಾರ್ಚನ್ನಿಟ್ಟುಕೊಂಡು ನಿಂತಿದ್ದ. ಮುಂದಿನ ಗಾಜು, ಬಲ್ಬು ತೆಗೆದಿದ್ದ. ಹಿಂಭಾಗಕ್ಕೆ ಸೈಕಲ್ ಟ್ಯೂಬಿನ ಪಟ್ಟಿಗಳನ್ನು ಅಂಟಿಸಿದ್ದ. ತುದಿಗೆ ತಗಡಿನ ತುಂಡೊಂದನ್ನು ಸೇರಿಸಿ ಉದ್ದ ಮಾಡಿದ್ದ.

"ಏನಪ್ಪಾ ಇದು?" ಎಂದೆ.

"ಲೈಟ್‌ಸೇಬರ್ ಸಾರ್. ಸಿನಿಮಾದ್ದು. ಅಳತೆ ಸರಿಯಾಗಿದೆ ಸಾರ್."

"ಇದರಲ್ಲಿ ವಿಜ್ಞಾನ ಎಲ್ಲಿದೆಯೋ?"

ಹುಡುಗ ತಲೆ ತಗ್ಗಿಸಿದ. ಪಕ್ಕದಲ್ಲಿದ್ದವರು ನಕ್ಕರು. ನಾನು ಮುಂದಿನ ಮೇಜಿಗೆ ನಡೆದೆ. ಮೊದಲ ಬಹುಮಾನ ಹೋದದ್ದು ಒಂದು ಜಲವಿದ್ಯುತ್ ಕೇಂದ್ರದ ಮಾದರಿಗೆ. ಅಣೆಕಟ್ಟು, ಬೀಳುವ ನೀರು, ಹತ್ತುವ ದೀಪ ಎಲ್ಲ ಅಚ್ಚುಕಟ್ಟು. ವಾರದ ನಂತರ ಅದನ್ನು ಪ್ರಯೋಗಾಲಯದ ಕಪಾಟಿಗೆ ಎತ್ತಿಡುವಾಗ ತಳದಲ್ಲಿ ಅಂಗಡಿಯೊಂದರ ಚೀಟಿ ಕಂಡಿತು, ಬೆಲೆಯ ಸಮೇತ. ರೆಡಿಮೇಡ್ ಮಾದರಿ!

ಅದೇ ಕಪಾಟಿನ ಪಕ್ಕದಲ್ಲಿ ಒಂದು ನಲವತ್ತು ಪುಟದ ನೋಟ್‌ಪುಸ್ತಕ ಬಿದ್ದಿತ್ತು. ಟಾರ್ಚಿನ ಹುಡುಗ ಮರೆತು ಹೋದದ್ದು. ಸುಮ್ಮನೆ ತೆರೆದೆ. ಓದುತ್ತ ಹೋದಂತೆ ನನಗೆ ಕುಳಿತುಕೊಳ್ಳಬೇಕೆನಿಸಿತು.

ಅವನ ಬಳಿ ಗ್ರಾಫ್ಲೆಕ್ಸ್ ಹಿಡಿ ಇರಲಿಲ್ಲ, ಇದ್ದದ್ದು ಮೊಬೈಲಿನಲ್ಲಿ ನೋಡಿದ ಕೆಲವು ಚಿತ್ರಗಳು ಮಾತ್ರ. ಆ ಹಿಡಿಯಲ್ಲಿ ಮೂರು ದೊಡ್ಡ ಸೆಲ್ಲುಗಳಿದ್ದವು ಎಂದು ಓದಿಕೊಂಡಿದ್ದ. ದೊಡ್ಡ ಸೆಲ್ಲಿನ ಗಾತ್ರ ಎಲ್ಲ ದೇಶಗಳಲ್ಲೂ ಒಂದೇ. ಉದ್ದ ಸುಮಾರು 61.5 ಮಿಲಿಮೀಟರ್, ಅಗಲ ಸುಮಾರು 34. ಹಾಗಿದ್ದರೆ ಮೂರು ಸೆಲ್ಲಿಗೆ 184.5 ಮಿಲಿಮೀಟರ್. ಹಿಡಿ ಅದಕ್ಕಿಂತ ಉದ್ದವಿರಲೇಬೇಕು. ಅವನ ಅಜ್ಜನ ಟಾರ್ಚಿಗೂ ಅದೇ ಸೆಲ್ಲು. ಅದರ ಹೊರ ಅಗಲ ಅಳೆದ, 38 ಮಿಲಿಮೀಟರ್. ಸಿನಿಮಾದ ಹಿಡಿಯ ಅಗಲವೂ ಅಷ್ಟೇ ಇರಬೇಕು ಎಂದು ಊಹಿಸಿದ.

ಇನ್ನು ಉದ್ದ. ಚಿತ್ರದಲ್ಲಿ ಅಗಲಕ್ಕಿಂತ ಉದ್ದ ಎಷ್ಟು ಪಟ್ಟು ಎಂದು ಸ್ಕೇಲಿನಿಂದ ಅಳೆದರಾಯಿತು. ನಮ್ಮ ಹಿರಿಯರ ತ್ರೈರಾಶಿ ಲೆಕ್ಕ. ಮೂರು ಚಿತ್ರಗಳನ್ನು ಅಳೆದಿದ್ದ. ಬಂದ ಉತ್ತರ 5.9, 6.7, 7.3. ಮೂರೂ ಬೇರೆ ಬೇರೆ! ಕೆಳಗೆ ಸರಾಸರಿ ತೆಗೆದು 6.6 ಎಂದು ಬರೆದಿದ್ದ, ಆಮೇಲೆ ಅದನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿದ್ದ. ಪಕ್ಕದಲ್ಲಿ ಒಂದು ಸಾಲು: "ಸರಾಸರಿ ಬೇಡ. ದೊಡ್ಡದೇ ಸರಿ. ಓರೆಯಾಗಿ ಹಿಡಿದರೆ ಉದ್ದ ಕಡಿಮೆ ಕಾಣುತ್ತದೆ, ಜಾಸ್ತಿ ಕಾಣುವುದಿಲ್ಲ."

ಇದನ್ನು ನೀವೂ ಒಂದು ಕ್ಷಣ ಯೋಚಿಸಿ. ಒಂದು ಪೆನ್ನನ್ನು ಕಣ್ಣೆದುರು ಅಡ್ಡಲಾಗಿ ಹಿಡಿಯಿರಿ. ಈಗ ಅದರ ತುದಿಯನ್ನು ನಿಮ್ಮ ಕಡೆಗೆ ತಿರುಗಿಸುತ್ತ ಬನ್ನಿ. ಉದ್ದ ಕುಗ್ಗುತ್ತದೆ, ಅಗಲ ಹಾಗೇ ಇರುತ್ತದೆ. 30 ಡಿಗ್ರಿ ಓರೆಯಾದರೆ 28 ಸೆಂಟಿಮೀಟರಿನ ಹಿಡಿ 24ರಷ್ಟೇ ಕಾಣುತ್ತದೆ. ಆದ್ದರಿಂದ ಮೂರು ಚಿತ್ರಗಳಲ್ಲಿ ಹೆಚ್ಚು ಬಂದದ್ದೇ ನಿಜಕ್ಕೆ ಹತ್ತಿರ. 38ನ್ನು 7.3ರಿಂದ ಗುಣಿಸಿ ಹುಡುಗ 277 ಮಿಲಿಮೀಟರ್ ಎಂದು ಬರೆದಿದ್ದ. ನಿಜವಾದ ಹಿಡಿಯ ಉದ್ದ ಸುಮಾರು 28 ಸೆಂಟಿಮೀಟರ್. ಟಾರ್ಚಿನ ತುದಿಗೆ ತಗಡು ಸೇರಿಸಿದ್ದು ಏಕೆಂದು ಆಗ ತಿಳಿಯಿತು.

ಪ್ರಯೋಗಾಲಯದಲ್ಲಿ ಎಷ್ಟೋ ವರ್ಷಗಳಿಂದ ನಾನು ಹೇಳಿಕೊಟ್ಟದ್ದು ಒಂದೇ ಪಾಠ: ಮೂರು ಸಲ ಅಳೆಯಿರಿ, ಸರಾಸರಿ ತೆಗೆಯಿರಿ. ತಪ್ಪು ಎರಡೂ ಕಡೆಗೆ ಆಗಬಹುದಾದರೆ ಮಾತ್ರ ಸರಾಸರಿಗೆ ಅರ್ಥ, ಒಂದೇ ಕಡೆಗೆ ಆಗುವ ತಪ್ಪಿಗೆ ಅದು ಔಷಧವಲ್ಲ ಎಂಬುದನ್ನು ನಾನು ಹೇಳಿಕೊಟ್ಟಿರಲಿಲ್ಲ. ಹದಿನಾಲ್ಕು ವರ್ಷದ ಹುಡುಗ ಒಂದು ಸಿನಿಮಾ ಖಡ್ಗದ ಆಸೆಯಿಂದ ತಾನೇ ಕಂಡುಕೊಂಡಿದ್ದ. ನಾನು ಅವನನ್ನು ವಿಜ್ಞಾನ ಎಲ್ಲಿದೆ ಎಂದು ಕೇಳಿದ್ದೆ.

ಮರುದಿನ ಪುಸ್ತಕ ಹಿಂದಿರುಗಿಸಿ, "ಆ ಟಾರ್ಚನ್ನು ಇನ್ನೊಮ್ಮೆ ತಾರೋ, ನೋಡೋಣ" ಎಂದೆ.

"ಬಿಡಿ ಸಾರ್. ಅಪ್ಪ ಗುಜರಿಗೆ ಹಾಕಿದ್ರು. ಪ್ರೈಜ್ ಬಂದಿದ್ರೆ ಇಟ್ಕೋತಿದ್ರೇನೋ."

ತಂದೆಯನ್ನು ನಾನು ದೂರುವುದಿಲ್ಲ. ಶಾಲೆಯ ಮೇಷ್ಟರೇ ಬೆಲೆಯಿಲ್ಲ ಎಂದು ತೀರ್ಪು ಕೊಟ್ಟ ವಸ್ತುವನ್ನು ಅವರು ಯಾಕೆ ಇಟ್ಟುಕೊಳ್ಳಬೇಕು? ಮುಂದಿನ ವರ್ಷ ಹತ್ತನೆಯ ತರಗತಿ. ಆ ಹುಡುಗ ಪ್ರದರ್ಶನಕ್ಕೆ ಏನನ್ನೂ ತರಲಿಲ್ಲ. ಒಳ್ಳೆಯ ಅಂಕಗಳಲ್ಲೇ ಪಾಸಾದ. ಆದರೂ ಆ ಮಾತು ನನ್ನ ಮನಸ್ಸಿನಿಂದ ಹೋಗಿಲ್ಲ.

ನಾಚಿಕೆಯ ಸಂಗತಿಯೆಂದರೆ, ನನಗೂ ಆ ಹುಚ್ಚು ಒಂದು ಕಾಲಕ್ಕೆ ಇತ್ತು. ಎಂಬತ್ತರ ದಶಕದಲ್ಲಿ ದೂರದರ್ಶನದಲ್ಲಿ 'ಜೈಂಟ್ ರೋಬೋಟ್' ಎಂಬ ಜಪಾನಿನ ಧಾರಾವಾಹಿ ಬರುತ್ತಿತ್ತು. ಅದರ ಹುಡುಗ ಕೈಗಡಿಯಾರದೊಳಗೆ ಮಾತಾಡಿದರೆ ಬೃಹತ್ ಲೋಹಮಾನವ ಹಾರಿ ಬರುತ್ತಿದ್ದ. ಬೆಂಕಿಪೊಟ್ಟಣಕ್ಕೆ ರಬ್ಬರ್‌ಬ್ಯಾಂಡ್ ಕಟ್ಟಿ, ಮುರಿದ ಕೊಡೆಯ ಕಡ್ಡಿಯನ್ನು ಏರಿಯಲ್ ಮಾಡಿ ನಾನೂ ಅಂಥ ಗಡಿಯಾರ ಕಟ್ಟಿಕೊಂಡು ಊರೆಲ್ಲ ತಿರುಗಿದ್ದೆ. ಬಿ.ಎಸ್ಸಿ., ಬಿ.ಎಡ್. ಮುಗಿಸಿ ಮೇಷ್ಟರಾದ ಮೇಲೆ ಅದು ಮರೆತುಹೋಗಿತ್ತು.

ಅಂದಿನಿಂದ ನಮ್ಮ ಶಾಲೆಯಲ್ಲಿ ಒಂದು ನಿಯಮ ಮಾಡಿದೆ. ತೀರ್ಪುಗಾರರು ಮೊದಲು ನೋಡಬೇಕಾದ್ದು ನೋಟ್‌ಪುಸ್ತಕ, ಆಮೇಲೆ ಮಾದರಿ. ಪುಸ್ತಕವಿಲ್ಲದಿದ್ದರೆ ಬಹುಮಾನವಿಲ್ಲ. ಮೊದಲ ವರ್ಷ ಕೆಲವು ಪೋಷಕರು ಸಿಟ್ಟಾದರು. "ಅಷ್ಟು ದುಡ್ಡು ಕೊಟ್ಟು ತಂದಿದ್ದೇವೆ ಸಾರ್" ಎಂದವರೂ ಉಂಟು. ಈಗ ಥಳಕಿನ ಮಾದರಿಗಳು ಕಡಿಮೆಯಾಗಿವೆ, ರಟ್ಟು ಮತ್ತು ತಂತಿಯವು ಹೆಚ್ಚಾಗಿವೆ.

ಸಿನಿಮಾ ಪರಿಕರಗಳಿಗೂ ನಿಷೇಧವಿಲ್ಲ. ಅವುಗಳಲ್ಲಿ ಮೇಷ್ಟರಿಗೆ ಅತ್ಯಂತ ಪ್ರಿಯವಾದದ್ದನ್ನೂ ಹೇಳಿಬಿಡುತ್ತೇನೆ. ಸ್ಟೀವನ್ ಸ್ಪೀಲ್‌ಬರ್ಗ್ ನಿರ್ದೇಶಿಸಿದ 'ಇ.ಟಿ.' ಚಿತ್ರ 1982ರದು. ಭೂಮಿಯಲ್ಲಿ ಒಂಟಿಯಾಗಿ ಉಳಿದ ಅನ್ಯಗ್ರಹದ ಜೀವಿಯೊಂದು ತನ್ನ ಮನೆಗೆ ಸುದ್ದಿ ಕಳಿಸಲು ಮಕ್ಕಳ ಮನೆಯ ಸಾಮಾನುಗಳಿಂದಲೇ ಒಂದು ಯಂತ್ರ ಕಟ್ಟುತ್ತದೆ. ಈ ಪರಿಕರವನ್ನು ರೂಪಿಸಿದವರು ಹೆನ್ರಿ ಫೈನ್‌ಬರ್ಗ್, ಜನಸಾಮಾನ್ಯರಿಗೆ ವಿಜ್ಞಾನವನ್ನು ತಿಳಿಸಿಹೇಳುವುದೇ ಅವರ ವೃತ್ತಿ. ಹಾಗಾಗಿ ಅದರ ಒಂದೊಂದು ಭಾಗಕ್ಕೂ ಒಂದು ಕೆಲಸವಿದೆ.

ಗಾಳಿಗೆ ಮರದ ಕೊಂಬೆ ತೂಗಿದಾಗ ಹಗ್ಗ ಎಳೆಯುತ್ತದೆ. ಹಗ್ಗ ಎಳೆದಾಗ ಊಟದ ಫೋರ್ಕು ದುಂಡನೆಯ ಗರಗಸದ ಒಂದು ಹಲ್ಲನ್ನು ಮುಂದಕ್ಕೆ ತಳ್ಳುತ್ತದೆ. ಸೈಕಲ್ಲಿನ ಫ್ರೀವೀಲ್ ಹಿಂದಕ್ಕೆ ತಿರುಗಿಸಿದರೆ ಟಿಕ್ ಟಿಕ್ ಎನ್ನುತ್ತದಲ್ಲ, ಅದೇ ವ್ಯವಸ್ಥೆ. ಗರಗಸ ಗ್ರಾಮಫೋನ್ ತಟ್ಟೆಯಂತೆ ತಿರುಗುತ್ತದೆ. ಅದರ ಮೇಲೆ ಕೂದಲಿನ ಪಿನ್ನುಗಳು ತಾಗುತ್ತ, ಬಿಡುತ್ತ ಸಾಗುತ್ತವೆ. ಎಲ್ಲಿ ತಾಗುತ್ತದೋ ಅಲ್ಲಿ ವಿದ್ಯುತ್ತು ಹರಿದು, 'ಸ್ಪೀಕ್ ಅಂಡ್ ಸ್ಪೆಲ್' ಎಂಬ ಮಾತಾಡುವ ಆಟಿಕೆಯ ಗುಂಡಿ ಒತ್ತಿದಂತಾಗುತ್ತದೆ. ಬಿಚ್ಚಿದ ಕೊಡೆಯೇ ಡಿಶ್ ಆ್ಯಂಟೆನಾ. ನಿಜಕ್ಕೂ ಸುದ್ದಿ ನಕ್ಷತ್ರ ಮುಟ್ಟೀತೆ? ಇಲ್ಲ. ದೂರ ಎರಡರಷ್ಟಾದರೆ ಸಂಕೇತದ ಬಲ ನಾಲ್ಕನೆಯ ಒಂದಕ್ಕೆ ಇಳಿಯುತ್ತದೆ. ಒಂದು ಆಟಿಕೆಯ ಶಕ್ತಿ ಅಷ್ಟು ದೂರಕ್ಕೆ ಎಲ್ಲಿ ಸಾಕು? ಆದರೆ ಯಂತ್ರದ ತರ್ಕದಲ್ಲಿ ಮೋಸವಿಲ್ಲ.

ಆ ಆಟಿಕೆಗೂ ನಮ್ಮ ಬೆಂಗಳೂರಿಗೂ ಒಂದು ನಂಟಿದೆ. ಮನುಷ್ಯನ ಗಂಟಲಿನ ಕೆಲಸವನ್ನು ಒಂದೇ ಚಿಪ್ಪಿನಲ್ಲಿ ಅನುಕರಿಸುತ್ತಿದ್ದ 'ಸ್ಪೀಕ್ ಅಂಡ್ ಸ್ಪೆಲ್' 1978ರಲ್ಲಿ ಬಂತು. ತಯಾರಿಸಿದವರು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್. ಲೈಟ್‌ಸೇಬರಿನ ಗುಳ್ಳೆಗಳು ಬಂದ ಎಕ್ಸಾಕ್ಟ್ರಾ ಕೂಡ ಅವರದೇ. ಆ ಕಂಪನಿ 1985ರಲ್ಲಿ ಬೆಂಗಳೂರಿಗೆ ಬಂದಾಗ, ಉಪಗ್ರಹದ ಮೂಲಕ ಸಂಪರ್ಕ ಕಲ್ಪಿಸುವ ಡಿಶ್ ಆ್ಯಂಟೆನಾ ಎತ್ತಿನ ಗಾಡಿಯಲ್ಲಿ ಬಂತು. ಕೊಡೆಯ ಆ್ಯಂಟೆನಾ ನೋಡಿ ನಕ್ಕವರು ಇದನ್ನೂ ನೆನಪಿಟ್ಟುಕೊಳ್ಳಬೇಕು.

ಇನ್ನು ಪೋಷಕರ ಪ್ರಶ್ನೆ: ಇದರಿಂದ ಮುಂದೆ ಏನು ಪ್ರಯೋಜನ? 'ಸ್ಟಾರ್ ವಾರ್ಸ್'ನ ಪುಟ್ಟ ಯಂತ್ರಮಾನವ ಆರ್‌ಟು-ಡಿಟುವನ್ನು ಮನೆಯಲ್ಲೇ ಕಟ್ಟುವ ಹವ್ಯಾಸಿಗಳು 1999ರಲ್ಲಿ ಒಂದು ಸಂಘ ಮಾಡಿಕೊಂಡರು. 2013ರಲ್ಲಿ ಜರ್ಮನಿಯಲ್ಲಿ ನಡೆದ ಅಭಿಮಾನಿಗಳ ಮೇಳದಲ್ಲಿ ಅವರ ಕೈಕೆಲಸವನ್ನು ಚಿತ್ರದ ನಿರ್ಮಾಪಕಿ ಕ್ಯಾಥ್ಲೀನ್ ಕೆನಡಿ ಕಂಡರು. ಬ್ರಿಟನ್ನಿನ ಲೀ ಟವರ್ಸಿ ಮತ್ತು ಆಲಿವರ್ ಸ್ಟೀಪಲ್ಸ್ ಎಂಬ ಆ ಇಬ್ಬರು ಹವ್ಯಾಸಿಗಳೇ 2015ರ ಚಿತ್ರಕ್ಕೆ ಆರ್‌ಟು-ಡಿಟುವನ್ನು ಕಟ್ಟಿದರು. ಎಲ್ಲರಿಗೂ ಹೀಗಾಗುತ್ತದೆ ಎಂದು ನಾನು ಹೇಳುವುದಿಲ್ಲ. ಸಾವಿರಾರು ಮಂದಿ ಹವ್ಯಾಸಿಗಳಾಗಿಯೇ ಉಳಿದಿದ್ದಾರೆ, ಸಂತೋಷವಾಗಿದ್ದಾರೆ. ಆದರೆ ಅಳೆಯಲು, ನಕ್ಷೆ ಬರೆಯಲು, ಕೆಟ್ಟುಹೋದದ್ದನ್ನು ಮತ್ತೆ ಮಾಡಲು ಕಲಿತ ಕೈ ಯಾವ ಓದಿಗೂ ಅಡ್ಡಬರುವುದಿಲ್ಲ.

ಎರಡು ವರ್ಷದ ಹಿಂದೆ ನಮ್ಮ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಇ.ಟಿ. ಯಂತ್ರದ ಗರಗಸದ ಭಾಗವನ್ನಷ್ಟೇ ಮಾಡಿ ತಂದಿದ್ದಳು. ದಪ್ಪ ರಟ್ಟಿನ ಚಕ್ರ, ಫೋರ್ಕಿನ ಬದಲು ಐಸ್‌ಕ್ರೀಮ್ ಕಡ್ಡಿ. ತೀರ್ಪುಗಾರರ ಮುಂದೆ ಅದು ಎರಡು ಸಲ ಜಾರಿತು. ನಾನು ಪುಸ್ತಕ ತೆರೆದೆ. ಕೊನೆಯ ಪುಟದಲ್ಲಿ ಹೀಗೆ ಬರೆದಿತ್ತು: "ಮೆಲ್ಲಗೆ ಎಳೆದರೆ ಒಂದು ಹಲ್ಲು. ಜೋರಾಗಿ ಎಳೆದರೆ ಎರಡು ಹಲ್ಲು. ಯಾಕೆ?" ಉತ್ತರ ಬರೆದಿರಲಿಲ್ಲ. ಬಹುಮಾನ ಅವಳಿಗೇ ಕೊಟ್ಟೆವು.

ಮಾಡಿ ನೋಡಿ

1. ಕ್ಯಾಲ್ಕ್ಯುಲೇಟರಿನ ಗುಳ್ಳೆ: ಈ ಪುಟದ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯೊಂದನ್ನು ಹರಡಿ. ಒಂದು ಅಕ್ಷರದ ಮೇಲೆ ಒಂದು ಹನಿ ನೀರು ಬಿಡಿ. ಅಕ್ಷರ ದೊಡ್ಡದಾಗಿ ಕಾಣುತ್ತದೆ. ಹಾಳೆಯನ್ನು ಮೆಲ್ಲಗೆ ಮೇಲೆತ್ತುತ್ತ ಹೋದರೆ ಏನಾಗುತ್ತದೆ? ಬರೆದಿಡಿ.

2. ಚಿತ್ರದಿಂದ ಅಳತೆ: ನಿಮಗಿಷ್ಟವಾದ ಪರಿಕರದ ಮೂರು ಚಿತ್ರಗಳನ್ನು ಆರಿಸಿ. ಅಳತೆ ಗೊತ್ತಿರುವ ಒಂದು ಭಾಗವನ್ನು ಅದರಲ್ಲೇ ಹುಡುಕಿ, ತ್ರೈರಾಶಿಯಿಂದ ಉಳಿದ ಅಳತೆ ತೆಗೆಯಿರಿ. ಮುಂದಿನಿಂದ, ಪಕ್ಕದಿಂದ, ಮೇಲಿನಿಂದ ಕಾಣುವ ಮೂರು ನಕ್ಷೆ ಬರೆಯಿರಿ. ಮೊದಲು ರಟ್ಟಿನಲ್ಲಿ ಮಾಡಿ. ಅದು ಸರಿಯಾದ ಮೇಲೆ ಪಿವಿಸಿ ಪೈಪು, ತಗಡಿಗೆ ಕೈಹಾಕಿ.

3. ಎಚ್ಚರಿಕೆ: ಬ್ಲೇಡು, ಗರಗಸ, ಗಟ್ಟಿ ಅಂಟು ಬಳಸುವಾಗ ಹಿರಿಯರು ಜೊತೆಗಿರಲಿ. ಮೊಬೈಲಿನ ಬ್ಯಾಟರಿಯನ್ನು ಯಾವ ಕಾರಣಕ್ಕೂ ಬಿಚ್ಚಬೇಡಿ. ನಿಜವಾದ ಬಂದೂಕಿನಂತೆ ಕಾಣುವ ಪರಿಕರ ಮಾಡಿದರೆ ಅದು ಮನೆಯಲ್ಲೇ ಇರಲಿ, ಬಸ್ ನಿಲ್ದಾಣಕ್ಕೆ ಒಯ್ಯಬೇಡಿ.

ಪೋಷಕರಲ್ಲಿ ಒಂದು ವಿನಂತಿ. ಆ ಸಾಮಾನನ್ನು ಗುಜರಿಗೆ ಹಾಕುವ ಮುನ್ನ ಅದರ ಜೊತೆಗಿರುವ ನೋಟ್‌ಪುಸ್ತಕವನ್ನು ಒಮ್ಮೆ ತೆರೆದು ನೋಡಿ.